ಹತ್ತನೇ ತರಗತಿಯ ಮಗ, ಶಾಲೆ ಬಿಟ್ಟ ಗೆಳೆಯ: ಸ್ನೇಹ ಬಿಡಿಸುವುದು ಹೇಗೆ?

ಶಾಲೆ ಬಿಟ್ಟ ಗೆಳೆಯನ ಸಹವಾಸವನ್ನು ಮಗ ಬಿಡುತ್ತಿಲ್ಲ, ಅವನಿಗೆ ಗೊತ್ತಾಗದಂತೆ ಆ ಹುಡುಗನಿಗೇ ಹೇಳಿ ದೂರ ಮಾಡಿಸಬಹುದೇ ಎಂದು ಕೇಳಿದ್ದೀರಿ. ತಾಯಿ, ನಾನು ಮಾಡಿದ್ದು ಅದನ್ನೇ. ದಯವಿಟ್ಟು ಮಾಡಬೇಡಿ.

2009ರಲ್ಲಿ ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದೆ. ಮಗ ಅಲ್ಲೇ ಎಸ್ಸೆಸ್ಸೆಲ್ಸಿ ಓದುತ್ತಿದ್ದ. ಅವನ ಗೆಳೆಯ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಅಪ್ಪನ ಜೊತೆ ಮಂಡಕ್ಕಿ ಭಟ್ಟಿಗೆ ಹೋಗತೊಡಗಿದ್ದ. ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ‘ಆ ಭಟ್ಟಿ ಹುಡುಗ’ ಎಂದೇ ಕರೆಯುತ್ತಿದ್ದೆವು. ಒಂದು ಸಂಜೆ ಮಗನ ಅಂಗಿಯಲ್ಲಿ ಹೊಗೆಯ ವಾಸನೆ ಬಂದದ್ದೇ ತಡ, ಬೀಡಿ ಎಂದು ತೀರ್ಮಾನಿಸಿಬಿಟ್ಟೆ. ಅದು ಭಟ್ಟಿಯ ಒಲೆಗೆ ಹಾಕುವ ಭತ್ತದ ಹೊಟ್ಟಿನ ಹೊಗೆ. ಗೆಳೆಯನ ಕೆಲಸ ಬೇಗ ಮುಗಿಯಲೆಂದು ಮಗ ಅಲ್ಲಿ ಚೀಲ ಹಿಡಿದು ನಿಲ್ಲುತ್ತಿದ್ದನಂತೆ. ಅದೇ ಅಂಗಿಯ ಜೇಬಿನಲ್ಲಿ ನಾಲ್ಕು ಕಾಳು ಮಂಡಕ್ಕಿ ಇದ್ದುದನ್ನು ನೋಡಿಯೂ ನಾನು ಕೇಳಲಿಲ್ಲ.

ಮರುದಿನ ಮಗನಿಗೆ ಹೇಳದೆ ಭಟ್ಟಿಗೆ ಹೋದೆ. ಆ ಹುಡುಗ ಬಿಸಿ ಮರಳಿನಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿ ಹಿಡಿಯುತ್ತಿದ್ದ. ನನ್ನನ್ನು ಕಂಡವನೇ ಎದ್ದು, ಮೈಮೇಲಿನ ಬೂದಿ ಕೊಡವಿಕೊಂಡು, “ನಮಸ್ಕಾರ ಸರ್” ಎಂದ. ನನ್ನ ಮಗನನ್ನು ಇನ್ನು ಮಾತಾಡಿಸಬೇಡ, ನಾನು ಬಂದಿದ್ದೆನೆಂದೂ ಅವನಿಗೆ ಹೇಳಬೇಡ ಎಂದೆ. “ಆಯ್ತು ಸರ್” ಎಂದ.

ನನ್ನ ತಪ್ಪು ಇಲ್ಲಿದೆ, ಇದನ್ನು ಬಿಡಿಸಿ ಹೇಳಬೇಕು. ಸ್ನೇಹ ಬೇಡವೆಂದು ಮಗನಿಗೇ ಹೇಳಿದ್ದರೆ ಅವನು ಕೂಗಾಡುತ್ತಿದ್ದ, ಎರಡು ದಿನ ಊಟ ಬಿಡುತ್ತಿದ್ದ, ಆದರೆ ಜಗಳ ನಮ್ಮಿಬ್ಬರ ನಡುವೆ ಇರುತ್ತಿತ್ತು. ನಾನು ಮೇಷ್ಟ್ರೆಂಬ ಭಯಭಕ್ತಿಯಿದ್ದ ಹುಡುಗನಿಂದ ಮಾತು ತೆಗೆದುಕೊಂಡು, ಗೆಳೆಯನೇ ಕೈಬಿಟ್ಟನೆಂದು ಮಗ ನಂಬುವಂತೆ ಮಾಡಿದೆ. ಆ ಹುಡುಗ ಮಾತು ಉಳಿಸಿಕೊಂಡ. ಮಗ ಸೈಕಲ್ ಹತ್ತಿ ಹೋದಾಗಲೆಲ್ಲ ಅವನು ಹಿಂಬಾಗಿಲಿನಿಂದ ಹೊರಟುಹೋಗುತ್ತಿದ್ದನಂತೆ. ಐದಾರು ತಿಂಗಳು ಮಗ ಮಂಕಾಗಿ ಕೂತಿದ್ದನ್ನು ನಾನು ಓದಿನ ಶ್ರದ್ಧೆಯೆಂದುಕೊಂಡೆ. ಪರೀಕ್ಷೆ ಮುಗಿದ ಮೇಲೆ, ಜಗಳ ತೆಗೆಯಲೆಂದೇ ಅವರ ಮನೆಗೆ ಹೋದವನಿಗೆ ಆ ಹುಡುಗನ ತಾಯಿ, “ನಿಮ್ಮಪ್ಪಾರೇ ಬಂದು ಹೇಳಿ ಹೋಗ್ಯಾರಲ್ಲಪ್ಪ” ಎಂದರಂತೆ. ಮನೆಗೆ ಬಂದ ಮಗ ಒಂದು ಮಾತೂ ಆಡಲಿಲ್ಲ. ಪಿಯುಸಿಗೆ ಚಿತ್ರದುರ್ಗದ ಸೋದರಮಾವನ ಮನೆಗೆ ಹೊರಟ. ಸುಮಾರು 60 ಕಿಲೋಮೀಟರ್ ದಾರಿ, ಆದರೂ ಎರಡು ವರ್ಷ ಹಬ್ಬಕ್ಕಲ್ಲದೆ ಬರಲಿಲ್ಲ. ಇವತ್ತಿಗೂ ಏನಿದ್ದರೂ ಫೋನು ಅವನ ಅಮ್ಮನಿಗೆ.

ಆದ್ದರಿಂದ ಹೇಗೆ ಬಿಡಿಸಲಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲ್ಲರೂ ಬೇಡವೆಂದ ಗೆಳೆಯನನ್ನು ಬಿಡದ ಹುಡುಗ ಕೆಟ್ಟಿಲ್ಲ. ಕಳ್ಳತನವೋ ಗಾಂಜಾವೋ ನಿಮ್ಮ ಕಣ್ಣಿಗೆ ಬಿದ್ದಿದ್ದರೆ ಮಗನನ್ನೇ ಎದುರು ಕೂರಿಸಿಕೊಂಡು ತಡೆಯಿರಿ. ನೀವು ಬರೆದಿರುವುದರಲ್ಲಿ ಅಂಥದ್ದೇನೂ ಇಲ್ಲ, ಆ ಹುಡುಗ ಶಾಲೆ ಬಿಟ್ಟಿದ್ದಾನೆ, ಅಷ್ಟೆ. ಶಾಲೆ ಬಿಟ್ಟವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಬಹುದು. ಅಂದು ನಾನು ಆ ಅರ್ಜಿ ಹಿಡಿದು ಭಟ್ಟಿಗೆ ಹೋಗಬೇಕಿತ್ತು. ನೀವು ಈ ಭಾನುವಾರ ಅವನನ್ನು ಊಟಕ್ಕೆ ಕರೆಯಿರಿ. ಬಂದಾಗ ಹೆಸರು ಹಿಡಿದು ಮಾತಾಡಿಸಿ, ಮಗನ ಪಕ್ಕದಲ್ಲೇ ತಟ್ಟೆ ಇಡಿ.