ಕ್ರಿಪ್ಟೊ ಎಕ್ಸ್‌ಚೇಂಜ್‌ನಿಂದ ಹಣ ಬರುತ್ತಿಲ್ಲ: ತಡೆ ನಿಮಗೊಬ್ಬರಿಗೋ, ಎಲ್ಲರಿಗೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಕುಶಾಲನಗರದ ಬಳಿ ತೋಟ ಹೊಂದಿರುವ ನೀವು ಕೂಲಿ ಬಟವಾಡೆಗೂ ಗೊಬ್ಬರದ ಬಾಕಿಗೂ ಹಣ ಬೇಕಾಗಿ, ನಿಮ್ಮಲ್ಲಿದ್ದ ಯುಎಸ್‌ಡಿಟಿಯನ್ನು (ಬೆಲೆ ಒಂದು ಡಾಲರ್‌ನ ಆಸುಪಾಸಿನಲ್ಲೇ ಇರುವ ಕ್ರಿಪ್ಟೊ ಕಾಯಿನ್) ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕ್ರಿಪ್ಟೊ ಕೊಂಡು ಮಾರುವ ಆನ್‌ಲೈನ್ ವೇದಿಕೆಯಲ್ಲಿ, ಮಾರಿದ್ದೀರಿ. ರೂಪಾಯಿ ಎಕ್ಸ್‌ಚೇಂಜ್ ಖಾತೆಯಲ್ಲಿ ಕಾಣುತ್ತಿದೆ, ಆದರೆ ಬ್ಯಾಂಕಿಗೆ ಕಳುಹಿಸುವಂತೆ ಕೋರಿ ವಾರವಾಗುತ್ತ ಬಂದರೂ 'ಪ್ರಕ್ರಿಯೆಯಲ್ಲಿದೆ' ಎಂಬುದಕ್ಕಿಂತ ಹೆಚ್ಚಿನ ಉತ್ತರ ಬಂದಿಲ್ಲ. ಅದೇ ಎಕ್ಸ್‌ಚೇಂಜ್ ಬಳಸುವ ಬೇರೆಯವರಿಗೆ ಹಣ ಬರುತ್ತಿದೆ ಎಂದೂ ಬರೆದಿದ್ದೀರಿ. ಈ ನಡುವೆ ಟೆಲಿಗ್ರಾಂನಲ್ಲಿ ಒಬ್ಬರು, ತಾವು ಆ ಕಂಪನಿಯ 'ಒಳಗಿನವರು', ಹದಿನೈದು ಸಾವಿರ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂದಿದ್ದಾರೆ. ಹಣ ಮುಳುಗಿತೇ, ಕಾಯಬೇಕೇ, ಅವರಿಗೆ ಕೊಡಬೇಕೇ ಎಂದು ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಒಟಿಪಿಯನ್ನೂ ಪರದೆಯ ಚಿತ್ರವನ್ನೂ ಕಳುಹಿಸಬೇಡಿ. ಎಕ್ಸ್‌ಚೇಂಜ್‌ಗಳ ಅಧಿಕೃತ ಪುಟಗಳಲ್ಲಿ ದೂರು ಬರೆದುಕೊಳ್ಳುವವರ ಹೆಸರು ನೋಡಿ ಹಿಂದೆ ಬೀಳುವುದೇ ಇವರ ಕಸುಬು.

ನಾನು ಗೋಣಿಕೊಪ್ಪದಲ್ಲಿ ತೆರಿಗೆ ರಿಟರ್ನ್ ಸಲ್ಲಿಸಿಕೊಡುವ ಕೆಲಸ ಮಾಡುತ್ತೇನೆ. 2022ರಿಂದೀಚೆಗೆ ಕಾಫಿ, ಮೆಣಸಿನ ಲೆಕ್ಕದ ಜೊತೆಗೆ ಕ್ರಿಪ್ಟೊ ಲೆಕ್ಕವನ್ನೂ ತರುವವರು ಇರುವುದರಿಂದ, ಇಂಥ ತಡೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಬಂದವರೆಲ್ಲರೂ 'ಎಷ್ಟು ದಿನ ಕಾಯಬೇಕು' ಎಂದೇ ಆರಂಭಿಸುತ್ತಾರೆ. ನನ್ನ ದೃಷ್ಟಿಯಲ್ಲಿ ದಿನಗಳ ಲೆಕ್ಕ ಎರಡನೆಯದು. ಈ ತಡೆ ನಿಮ್ಮ ಖಾತೆಗೆ ಮಾತ್ರವೋ, ಆ ಎಕ್ಸ್‌ಚೇಂಜ್‌ನ ಗ್ರಾಹಕರಿಗೆಲ್ಲ ಆಗಿದೆಯೋ ಎಂಬುದು ಮೊದಲನೆಯದು, ಏಕೆಂದರೆ ಎರಡರಲ್ಲಿ ಮಾಡಬೇಕಾದ ಕೆಲಸ ಪೂರ್ತಿ ಬೇರೆ ಬೇರೆ.

ಇದನ್ನು ತಿಳಿಯಲು ಎಕ್ಸ್‌ಚೇಂಜ್‌ನ ಸೂಚನಾ ಪುಟವನ್ನು ನೋಡಿ, ಅದೇ ಎಕ್ಸ್‌ಚೇಂಜ್ ಬಳಸುವ ಪರಿಚಯದವರೊಬ್ಬರಿಗೆ ಸಣ್ಣ ಮೊತ್ತವನ್ನು ಹಿಂಪಡೆದು ನೋಡಲು ಹೇಳಿ. ನಿಂತಿರುವುದು ರೂಪಾಯಿ ಮಾತ್ರವೋ ಅಥವಾ ಕಾಯಿನ್‌ಗಳನ್ನು ಹೊರಗಿನ ವ್ಯಾಲೆಟ್‌ಗೆ (ಕಾಯಿನ್ ಇಡುವ ಡಿಜಿಟಲ್ ಪೆಟ್ಟಿಗೆಗೆ) ಕಳುಹಿಸುವುದೂ ನಿಂತಿದೆಯೋ ಎಂಬುದನ್ನೂ ಗಮನಿಸಿ. ರೂಪಾಯಿ ಮಾತ್ರ ನಿಂತಿದ್ದರೆ ಅನೇಕ ವೇಳೆ ಅದು ಬ್ಯಾಂಕಿನ ದಾರಿಯ ತೊಂದರೆ. ಭಾರತೀಯ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ನೀಡದಂತೆ ಬ್ಯಾಂಕುಗಳನ್ನು ತಡೆದಿತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಅದನ್ನು ರದ್ದುಮಾಡಿತು. ಕಾನೂನಿನ ತಡೆ ಹೋದರೂ ಬ್ಯಾಂಕುಗಳ ಹಿಂಜರಿಕೆ ಹೋಗಲಿಲ್ಲ. ಆದ್ದರಿಂದ ಎಕ್ಸ್‌ಚೇಂಜ್‌ಗಳು ಹಣ ಸಾಗಿಸುವ ಪಾಲುದಾರರನ್ನು ಬದಲಿಸಬೇಕಾಗಿ ಬಂದಾಗಲೆಲ್ಲ ಕೆಲವು ದಿನ ರೂಪಾಯಿಯ ದಾರಿ ಮುಚ್ಚುತ್ತದೆ. ಇದು ಕಿರಿಕಿರಿಯ ಸಂಗತಿ ನಿಜ, ಆದರೆ ಇಷ್ಟರಿಂದಲೇ ಹಣ ಹೋಯಿತೆಂದು ಎದೆಗೆಡಬೇಕಿಲ್ಲ.

ರೂಪಾಯಿಯೂ ಕಾಯಿನ್‌ಗಳೂ ಎರಡೂ ನಿಂತು, ಮತ್ತೆ ಯಾವಾಗ ತೆರೆಯುತ್ತದೆ ಎಂಬ ದಿನಾಂಕವನ್ನು ಕಂಪನಿ ಹೇಳದೇ ಹೋದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ಸಂಗತಿ ನಿಮಗೂ ಗೊತ್ತಿರಬಹುದು. 2024ರ ಜುಲೈ 18ರಂದು ಅದರ ಒಂದು ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾದ ಮೇಲೆ ಹಿಂಪಡೆತವೆಲ್ಲ ನಿಂತಿತು. ಆಗಸ್ಟ್ ಕೊನೆಯಲ್ಲಿ ರೂಪಾಯಿಯನ್ನು ಮೊದಲಿಗೆ ಶೇ. 66ರವರೆಗೆ ಮಾತ್ರ, ಅದನ್ನೂ ಹಂತ ಹಂತವಾಗಿ ಬಿಟ್ಟರು. ಕಾಯಿನ್‌ಗಳ ವಿಚಾರ ಸಿಂಗಾಪುರದ ಹೈಕೋರ್ಟಿಗೆ ಹೋಯಿತು, ಏಕೆಂದರೆ ಅದಕ್ಕೆ ಸಂಬಂಧಿಸಿದ ಕಂಪನಿ ನೋಂದಣಿಯಾಗಿದ್ದು ಅಲ್ಲಿ. ಬಾಕಿ ಬರಬೇಕಾದ ಗ್ರಾಹಕರ ಮತದಾನ, ಮರುಪಾವತಿ ಯೋಜನೆಯ ತಿರಸ್ಕಾರ, ಮರುಮತದಾನ ಇವೆಲ್ಲ ಮುಗಿದು ವೇದಿಕೆ ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಸೋಮವಾರಪೇಟೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ಖಾತೆ ತೆರೆದವರೂ ಸಿಂಗಾಪುರದ ನ್ಯಾಯಾಲಯದ ತೀರ್ಪಿಗೆ ಕಾಯಬೇಕಾಯಿತು. ಖಾತೆ ತೆರೆಯುವಾಗ ನಾವು ಓದದೆ ಒಪ್ಪಿಗೆ ಒತ್ತುವ ಷರತ್ತುಗಳಲ್ಲಿ ಯಾವ ದೇಶದ ಯಾವ ಕಂಪನಿಯೊಡನೆ ಒಪ್ಪಂದ ಎಂಬ ಒಂದು ಸಾಲು ಇರುತ್ತದೆ. ಮಿಕ್ಕದ್ದನ್ನು ಬಿಟ್ಟರೂ ಅದನ್ನು ಓದಿಕೊಳ್ಳಬೇಕು.

ಇದಕ್ಕಿಂತ ದೀರ್ಘ ಕಾಯುವಿಕೆಯೂ ಇದೆ. ಟೋಕಿಯೊದ ಎಕ್ಸ್‌ಚೇಂಜ್ ಮೌಂಟ್ ಗಾಕ್ಸ್ 2014ರ ಫೆಬ್ರವರಿಯಲ್ಲಿ ಹಿಂಪಡೆತ ನಿಲ್ಲಿಸಿತು. ಅದರ ಗ್ರಾಹಕರಿಗೆ ಬಿಟ್‌ಕಾಯಿನ್ ಮರಳತೊಡಗಿದ್ದು 2024ರ ಜುಲೈನಲ್ಲಿ. ಎಫ್‌ಟಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್ 2022ರ ನವೆಂಬರ್‌ನಲ್ಲಿ ದಿವಾಳಿಯಾದಾಗ ಗ್ರಾಹಕರ ಬಾಕಿಯನ್ನು ಆ ದಿನದ ಡಾಲರ್ ಬೆಲೆಗೆ ಕಟ್ಟಿದರು, ಆಮೇಲೆ ಬಿಟ್‌ಕಾಯಿನ್ ಎಷ್ಟೇ ಏರಿದರೂ ಆ ಏರಿಕೆ ಅವರ ಪಾಲಿಗೆ ಬರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಬೈಬಿಟ್ ಎಂಬ ಎಕ್ಸ್‌ಚೇಂಜ್‌ನಿಂದ 2025ರ ಫೆಬ್ರವರಿಯಲ್ಲಿ ಸುಮಾರು 150 ಕೋಟಿ ಡಾಲರ್ ಕಳುವಾಯಿತು, ಅಂದರೆ ವಜೀರ್‌ಎಕ್ಸ್ ಕಳ್ಳತನದ ಆರು ಪಟ್ಟಿಗೂ ಹೆಚ್ಚು, ಆದರೂ ಅದು ಹಿಂಪಡೆತವನ್ನು ತೆರೆದೇ ಇಟ್ಟಿತ್ತು. ಹಾಗಾಗಿ ಕಳ್ಳತನದ ಸುದ್ದಿ ಎಷ್ಟು ದೊಡ್ಡದು ಎಂಬುದಕ್ಕಿಂತ, ಸುದ್ದಿಯ ಮಾರನೆಯ ದಿನ ಬಾಗಿಲು ತೆರೆದಿದೆಯೇ ಎಂಬುದನ್ನೇ ನಾನು ನೋಡುತ್ತೇನೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಬೆಲೆ ಏರಲೆಂದು ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿ ಬಿಟ್ಟು ಚೀಟಿ ತಂದಿಟ್ಟುಕೊಂಡವರ ಕೈಯಲ್ಲಿರುವುದು ಚೀಟಿಯೇ ಹೊರತು ಕಾಫಿಯಲ್ಲ. ಎಕ್ಸ್‌ಚೇಂಜ್‌ನ ಪರದೆಯಲ್ಲಿ ಕಾಣುವ ಮೊತ್ತವೂ ಅಂಥ ಚೀಟಿಯೇ, ಮತ್ತು ಅದಕ್ಕೆ ಬ್ಯಾಂಕ್ ಠೇವಣಿಗಿರುವ ಐದು ಲಕ್ಷದವರೆಗಿನ ವಿಮೆಯೂ ಇಲ್ಲ.

ಆದರೆ ನೀವು ಬರೆದಿರುವುದನ್ನು ನೋಡಿದರೆ, ಬೇರೆಯವರಿಗೆ ಹಣ ಬರುತ್ತಿದೆ, ನಿಮಗೆ ಮಾತ್ರ ನಿಂತಿದೆ. ಹಾಗಿದ್ದರೆ ಹುಡುಕಬೇಕಾದದ್ದು ನಿಮ್ಮ ದಾಖಲೆಗಳಲ್ಲಿ. ಕೊಡಗಿನಲ್ಲಿ ನಾನು ಅತಿ ಹೆಚ್ಚು ಕಂಡಿರುವ ಕಾರಣ ಹೆಸರಿನದು. ನಮ್ಮಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಪ್ಯಾನ್‌ನಲ್ಲಿ ಅದು ಪೂರ್ತಿಯಾಗಿ ಬಿಡಿಸಿಕೊಂಡಿರುತ್ತದೆ, ಬ್ಯಾಂಕಿನಲ್ಲಿ ಒಂದೇ ಅಕ್ಷರದ ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಹಿಂದುಮುಂದಾಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳ ಪ್ಯಾನ್ ತವರಿನ ಮನೆ ಹೆಸರಿನಲ್ಲೂ ಬ್ಯಾಂಕ್ ಖಾತೆ ಗಂಡನ ಮನೆ ಹೆಸರಿನಲ್ಲೂ ಇರುವುದು ಸರ್ವೇಸಾಮಾನ್ಯ. ಊರಿನವರಿಗೆ ಇದೆಲ್ಲ ಒಬ್ಬರೇ ಎಂದು ಗೊತ್ತು, ಆದರೆ ಒಂದು ರೂಪಾಯಿ ಹಾಕಿ ಖಾತೆದಾರರ ಹೆಸರು ಹೋಲಿಸಿ ನೋಡುವ ಎಕ್ಸ್‌ಚೇಂಜ್‌ನ ಯಂತ್ರಕ್ಕೆ ಇವು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಬೇರೆಯವರ ಖಾತೆಗೆ ಹಣ ಕಳುಹಿಸಬಾರದೆಂಬ ನಿಯಮ ಇರುವುದರಿಂದ ಕೋರಿಕೆ ಮನುಷ್ಯರ ಪರಿಶೀಲನೆಗೆಂದು ಸಾಲಿನಲ್ಲಿ ನಿಲ್ಲುತ್ತದೆ, ಮತ್ತು ಆ ಸಾಲು ನಿಧಾನ. ತಂದೆಯೊಡನಿರುವ ಜಂಟಿ ಖಾತೆಯಲ್ಲಿ ಅವರ ಹೆಸರು ಮೊದಲಿದ್ದರೂ ಇದೇ ಗತಿ.

ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತವನ್ನೂ ಒಮ್ಮೆ ನೋಡಿ. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ವಿಲೀನವಾದವು. ಹಳೆಯ ಪಾಸ್‌ಪುಸ್ತಕ ನೋಡಿ ಸಂಕೇತ ತುಂಬಿದವರ ಹಣ ಹೋದ ದಾರಿಯಲ್ಲೇ ಹಿಂದಿರುಗುತ್ತದೆ. ಪಾಸ್‌ವರ್ಡ್, ಮೊಬೈಲ್ ಸಂಖ್ಯೆ ಅಥವಾ ಬ್ಯಾಂಕ್ ಖಾತೆ ಬದಲಿಸಿದ ಕೂಡಲೇ ಅನೇಕ ಎಕ್ಸ್‌ಚೇಂಜ್‌ಗಳು ಸುಮಾರು ಒಂದು ದಿನ ಹಿಂಪಡೆತವನ್ನು ತಾವಾಗಿ ತಡೆಹಿಡಿಯುತ್ತವೆ. ಅದು ಕಳ್ಳರಿಂದ ರಕ್ಷಣೆಗೆಂದು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಮಲಗಿದಾಗ ಒಟಿಪಿ ಬಾರದೆ ಮತ್ತೆ ಮತ್ತೆ ಪ್ರಯತ್ನಿಸಿದರೂ ಖಾತೆಗೆ ಬೀಗ ಬೀಳಬಹುದು. ನೆಟ್‌ವರ್ಕ್ ಇಲ್ಲದೆಯೂ ಸಂಕೇತ ತೋರಿಸುವ ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ.

ಇನ್ನೊಂದು ಕಾರಣ ಮೊತ್ತದ್ದು. 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೊ ಸೇವೆ ನೀಡುವವರು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ. ಅವರು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡು, ಅನುಮಾನ ಬಂದ ವ್ಯವಹಾರಗಳನ್ನು ತಿಳಿಸಬೇಕು. ಆದುದರಿಂದ ಖಾತೆಯ ಹಿಂದಿನ ಚಲನೆಗೆ ಹೋಲಿಸಿದರೆ ದೊಡ್ಡದೆನಿಸುವ ಮೊತ್ತಕ್ಕೆ ಹಣದ ಮೂಲವನ್ನು ಕೇಳುತ್ತಾರೆ, ಮತ್ತು ಆ ಪತ್ರ ಇಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಬೆಳೆಗಾರರಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ಕ್ಯೂರಿಂಗ್ (ಒಣಗಿದ ಕಾಫಿಯ ಹೊದಿಕೆ ತೆಗೆದು ಬೀಜ ಹದಮಾಡುವುದು) ಮಾಡದೆ ಚೆರ್ರಿಯಾಗಿಯೋ, ಹೊದಿಕೆ ಸಹಿತದ ಪಾರ್ಚ್‌ಮೆಂಟ್ ಆಗಿಯೋ ಕಾಫಿ ಮಾರುವವರ ಆದಾಯ ಕೃಷಿ ಆದಾಯವಾದ್ದರಿಂದ ಅದಕ್ಕೆ ಆದಾಯ ತೆರಿಗೆ ಇಲ್ಲ, ಹೀಗಾಗಿ ಅನೇಕರು ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. 'ಆದಾಯದ ದಾಖಲೆ ಕೊಡಿ' ಎಂದು ಪರ ಊರಿನ ಸಿಬ್ಬಂದಿ ಕೇಳಿದಾಗ ಏನು ಕೊಡಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಪಹಣಿ, ಕಾಫಿ ಮಾರಿದ ಬಿಲ್ಲು, ಆ ಹಣ ಜಮಾ ಆಗಿರುವ ಬ್ಯಾಂಕ್ ಪಟ್ಟಿ, ಅಲ್ಲಿಂದ ಎಕ್ಸ್‌ಚೇಂಜ್‌ಗೆ ಹೋದ ಪಾವತಿ, ಈ ನಾಲ್ಕನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಒಂದು ಪುಟದ ವಿವರಣೆಯೊಡನೆ ಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಸಿಟ್ಟಿನಲ್ಲಿ ದಿನಕ್ಕೊಂದು ಹೊಸ ದೂರು ತೆರೆಯುವುದಕ್ಕಿಂತ ಒಂದೇ ದೂರಿನ ಸಂಖ್ಯೆಯಡಿ ಎಲ್ಲವನ್ನೂ ಸೇರಿಸುವುದು ಲೇಸು.

ಎಕ್ಸ್‌ಚೇಂಜ್ 'ನಾವು ಕಳುಹಿಸಿದ್ದೇವೆ' ಎಂದರೆ ಅದರ ವ್ಯವಹಾರ ಸಂಖ್ಯೆಯನ್ನು ಕೇಳಿ. ಐಎಂಪಿಎಸ್ ಆದರೆ 12 ಅಂಕಿಯ ಸಂಖ್ಯೆ, ನೆಫ್ಟ್ ಆದರೆ 16 ಅಕ್ಷರಗಳ ಯುಟಿಆರ್ ಎಂಬ ಗುರುತು ಸಂಖ್ಯೆ ಇರಲೇಬೇಕು. ಅದನ್ನು ಹಿಡಿದು ನಿಮ್ಮ ಶಾಖೆಗೆ ಹೋದರೆ ಹಣ ಬಂದಿದೆಯೇ, ಹಿಂದಿರುಗಿದೆಯೇ ಎಂದು ಅವರು ಹೇಳಬಲ್ಲರು. ಅದು ಬ್ಯಾಂಕಿನ ತಪ್ಪಾಗಿದ್ದು, ಲಿಖಿತ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ) ಹೋಗಬಹುದು. ಎಕ್ಸ್‌ಚೇಂಜ್‌ನ ಮೇಲಿನ ದೂರಿಗೆ ಆ ದಾರಿ ಇಲ್ಲ.

ಕೆಲವೊಮ್ಮೆ ಹಣ ಬಂದಿರುತ್ತದೆ, ಆದರೆ ಖಾತೆಯೇ ಸ್ಥಗಿತವಾಗಿರುತ್ತದೆ. ನೇರವಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಯುಎಸ್‌ಡಿಟಿ ಮಾರಿದವರಿಗೆ ಇದರ ಅಪಾಯ ಹೆಚ್ಚು. ಕೊಂಡವನು ಮೋಸದ ಹಣದಿಂದ ಪಾವತಿ ಮಾಡಿದ್ದರೆ, ಬೇರಾವುದೋ ರಾಜ್ಯದಲ್ಲಿ ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟ ಮೇಲೆ ಆ ಹಣದ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತದೆ. ಆಗ ಎಕ್ಸ್‌ಚೇಂಜ್‌ನೊಡನೆ ವಾದಿಸಿ ಪ್ರಯೋಜನವಿಲ್ಲ. ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತಕ್ಕೆ ತಡೆ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆದು, ಆ ವ್ಯವಹಾರದ ಪೂರ್ತಿ ದಾಖಲೆಯೊಡನೆ ಆ ಠಾಣೆಗೇ ಬರೆಯಬೇಕು. ವಿವಾದದ ಮೊತ್ತವಷ್ಟನ್ನೇ ತಡೆದು ಉಳಿದದ್ದನ್ನು ಬಿಡುವಂತೆ ಕೋರುವುದು ನ್ಯಾಯವಾದ ಬೇಡಿಕೆ.

ರೂಪಾಯಿಯ ಬದಲು ಕಾಯಿನ್ ಕಳುಹಿಸುವ ಯೋಚನೆ ಇದ್ದರೆ ಕಳುಹಿಸುವ ಕಡೆಯೂ ಪಡೆಯುವ ಕಡೆಯೂ ಒಂದೇ ನೆಟ್‌ವರ್ಕ್ ಆಯ್ದಿರುವುದನ್ನು ಖಚಿತಪಡಿಸಿಕೊಳ್ಳಿ. ಯುಎಸ್‌ಡಿಟಿ ಟ್ರಾನ್ ಜಾಲದಲ್ಲೂ ಇಥೀರಿಯಂ ಜಾಲದಲ್ಲೂ ಚಲಿಸುತ್ತದೆ, ಒಂದರ ಬದಲು ಇನ್ನೊಂದಕ್ಕೆ ಹೋದದ್ದನ್ನು ಹಿಂದೆ ತರುವುದು ಬಹಳ ಕಷ್ಟ.

ಇಷ್ಟೆಲ್ಲ ಹೇಳಿದ್ದು ಎಕ್ಸ್‌ಚೇಂಜ್ ನಿಜವಾದದ್ದು ಎಂಬ ನಂಬಿಕೆಯ ಮೇಲೆ. ಹಣ ಬಿಡಲು ಆ ಆ್ಯಪ್ ಮುಂಗಡವಾಗಿ ತೆರಿಗೆಯನ್ನೋ 'ಭದ್ರತಾ ಠೇವಣಿ'ಯನ್ನೋ ಕೇಳಿದರೆ ಅದನ್ನು ವಿಳಂಬವೆಂದು ಕರೆಯಲೇಬಾರದು, ಅದು ವಂಚನೆ. ಕ್ರಿಪ್ಟೊ ಲಾಭದ ಮೇಲಿನ ಶೇ. 30ರ ತೆರಿಗೆಯನ್ನು ನೀವು ಸರ್ಕಾರಕ್ಕೆ ಕಟ್ಟುವುದು, ಎಕ್ಸ್‌ಚೇಂಜ್‌ಗೆ ಅಲ್ಲ. 2022ರ ಜುಲೈ 1ರಿಂದ ಜಾರಿಯಲ್ಲಿರುವ ಶೇ. 1ರ ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಅನ್ನು ಮಾರಿದ ಹಣದಿಂದಲೇ ಹಿಡಿದುಕೊಳ್ಳುತ್ತಾರೆ. ಮೇಲೆ ಹಣ ಕಟ್ಟಿಸಿಕೊಳ್ಳುವ ಸಂದರ್ಭವೇ ಇಲ್ಲ. ಹಾಗೇನಾದರೂ ಕೇಳಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸೆನ್ ಪೊಲೀಸ್ ಠಾಣೆಗೂ ದೂರು ಕೊಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಇರುತ್ತದೆ. ಹಣಕಾಸು ಗುಪ್ತಚರ ಘಟಕದ ನೋಂದಣಿ ಇದೆಯೇ ಎಂದು ನೋಡುವುದು ಒಳ್ಳೆಯದೇ, ಆದರೆ ಅದನ್ನು ನಿಮ್ಮ ಹಣಕ್ಕೆ ಖಾತರಿ ಎಂದು ತಿಳಿಯಬೇಡಿ.

ಕೊನೆಗೆ ನನ್ನ ಕಸುಬಿನ ಮಾತು. ತೆರಿಗೆ ಹುಟ್ಟುವುದು ಮಾರಿದ ದಿನ, ಹಣ ಬ್ಯಾಂಕಿಗೆ ಬಂದ ದಿನವಲ್ಲ. ನೀವು ಮಾರ್ಚ್ 31ರೊಳಗೆ ಮಾರಿದ್ದರೆ, ರೂಪಾಯಿ ಏಪ್ರಿಲ್‌ನಲ್ಲಿ ಕೈಸೇರಿದರೂ ಅದು ಮುಗಿದ ವರ್ಷದ ಲೆಕ್ಕವೇ. ಮಾರಾಟದ ವಿವರವನ್ನೂ ಟಿಡಿಎಸ್ ಕಡಿತವನ್ನೂ ಎಕ್ಸ್‌ಚೇಂಜ್‌ನಿಂದ ಈಗಲೇ ಇಳಿಸಿಕೊಂಡು ಇಟ್ಟುಕೊಳ್ಳಿ. ಎಕ್ಸ್‌ಚೇಂಜ್‌ನ ತ್ರೈಮಾಸಿಕ ವಿವರ ಸಲ್ಲಿಕೆಯಾದ ಮೇಲೆ ಆ ಕಡಿತ ಆದಾಯ ತೆರಿಗೆ ಇಲಾಖೆಯಲ್ಲಿ ನಿಮ್ಮ ಹೆಸರಿನಲ್ಲಿರುವ ತೆರಿಗೆ ಕಡಿತದ ಪಟ್ಟಿಯಲ್ಲಿ ಬರಬೇಕು. ಬಂದರೆ, ನಿಮ್ಮ ಮಾರಾಟ ನಡೆದಿದೆಯೆಂದು ಎಕ್ಸ್‌ಚೇಂಜ್ ತಾನೇ ಸರ್ಕಾರಕ್ಕೆ ಬರೆದುಕೊಟ್ಟಂತಾಯಿತು, ಮುಂದೆ ವ್ಯಾಜ್ಯವಾದರೆ ಆ ದಾಖಲೆ ಉಪಯೋಗಕ್ಕೆ ಬರುತ್ತದೆ. ಟಿಡಿಎಸ್ ಹಿಡಿದುಕೊಂಡೂ ಪಟ್ಟಿಯಲ್ಲಿ ಬಾರದಿದ್ದರೆ, ಅದನ್ನೂ ಅದೇ ದೂರಿನ ಸಂಖ್ಯೆಯಡಿ ಲಿಖಿತವಾಗಿ ಕೇಳಿ.