ಗ್ಲೂಕೋಸ್ ಕುಡಿದು ಕೂರುವ ಬೆಳಗು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಸುರಿಯರ ಸಕ್ಕರೆ ಪರೀಕ್ಷೆಯ ಕುರಿತು. ಉತ್ತರಿಸಿದವರು ಮೈಸೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ಹಿರಿಯ ತಂತ್ರಜ್ಞೆ.

ಪ್ರಶ್ನೆ: ನನಗೆ ಆರು ತಿಂಗಳು ತುಂಬಿದೆ. ಖಾಲಿ ಹೊಟ್ಟೆಯಲ್ಲಿ ಬಂದು, ಗ್ಲೂಕೋಸ್ ಕುಡಿದು, ಎರಡು ಗಂಟೆ ಕೂತು ಮೂರು ಸಲ ರಕ್ತ ಕೊಡಬೇಕು ಎಂದಿದ್ದಾರೆ ಡಾಕ್ಟರು. ನನಗೆ ಬೆಳಗಿನ ವಾಕರಿಕೆ ಇನ್ನೂ ನಿಂತಿಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಹೋಗಬೇಕು. ಬಸುರಿ ಉಪವಾಸ ಇರಬಾರದು ಅಂತ ಅತ್ತೆಯ ಹಟ ಬೇರೆ. ಹೇಗೆ ನಿಭಾಯಿಸಲಿ?
— ಓದುಗರು, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮ ಅತ್ತೆ ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಇದು ಏಕಾದಶಿಯ ಉಪವಾಸವಲ್ಲ. ಬೇಕಿರುವುದು ಎಂಟರಿಂದ ಹತ್ತು ಗಂಟೆ. ರಾತ್ರಿ ಒಂಬತ್ತೂವರೆಗೆ ಹೊಟ್ಟೆ ತುಂಬಾ ಊಟ ಮಾಡಿ, ಬೆಳಿಗ್ಗೆ ಏಳೂವರೆಗೆ ಲ್ಯಾಬಿನಲ್ಲಿದ್ದರೆ ಅದರಲ್ಲಿ ಮುಕ್ಕಾಲು ಪಾಲು ನಿದ್ದೆಯಲ್ಲೇ ಕಳೆದಿರುತ್ತದೆ. ಬಸುರಿಯರು ಬಳಲುವುದು ಸಂಜೆ ಏಳಕ್ಕೇ ಉಂಡು, ಬೆಳಿಗ್ಗೆ ಹತ್ತಕ್ಕೆ ಲ್ಯಾಬ್ ತಲುಪಿ, ಟೋಕನ್ ಹಿಡಿದು ನಿಂತಾಗ. ಹಾಗಾಗಿ ಹಿಂದಿನ ದಿನವೇ ಲ್ಯಾಬಿಗೆ ಫೋನ್ ಮಾಡಿ, ರಕ್ತ ತೆಗೆಯುವವರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿ. ಮೊದಲ ಬಸ್ಸು ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಹಿಂದಿನ ರಾತ್ರಿ ಪೇಟೆಯ ನೆಂಟರ ಮನೆಯಲ್ಲಿ ಉಳಿಯಿರಿ. ಕೌಂಟರಿನಲ್ಲಿ "ನಂದು ಗ್ಲೂಕೋಸ್ ಟೆಸ್ಟು, ಮೊದಲು ಬಿಡಿ" ಎಂದು ಗಟ್ಟಿಯಾಗಿಯೇ ಹೇಳಿ. ಕೊಲೆಸ್ಟ್ರಾಲ್ ನೋಡಿಸಲು ಬಂದ ಗಂಡಸರು ಹತ್ತು ನಿಮಿಷ ಕಾದರೆ ಏನೂ ಆಗುವುದಿಲ್ಲ.

ಬರಿ ನೀರು ಕುಡಿಯಬಹುದು. ಕಾಫಿ, ಟೀ, ಎಳನೀರು, ಏಲಕ್ಕಿ, ಎಲೆಅಡಿಕೆ ಬೇಡ. ಬಸ್ಸಿನಲ್ಲಿ ವಾಕರಿಕೆ ಅಂತ ಬಾಯಿಗೆ ಹಾಕುವ ಪೆಪ್ಪರ್‌ಮೆಂಟೂ ಬೇಡ, ಅದೂ ಸಕ್ಕರೆಯೇ. ಬೆಳಗಿನ ಮಾತ್ರೆ ಇದ್ದರೆ ಯಾವುದನ್ನು ನುಂಗಬಹುದು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂಬುದನ್ನು ಡಾಕ್ಟರನ್ನೇ ಕೇಳಿಟ್ಟುಕೊಳ್ಳಿ.

ಇನ್ನು ಆ ಲೋಟ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿಗೆ ಹಾಕಿರುತ್ತಾರೆ. ಬತ್ತಾಸಿನ ಪೊಟ್ಟಣವನ್ನೇ ನೀರಲ್ಲಿ ಕದಡಿ ಕೊಟ್ಟಂತಿರುತ್ತದೆ. ತಣ್ಣಗಿನ ನೀರಲ್ಲಿ ಕಲಸಿಕೊಡಲು ಕೇಳಿ, ಇಳಿಸುವುದು ಸುಲಭ. ಕೆಲವು ಲ್ಯಾಬುಗಳಲ್ಲಿ ಅರ್ಧ ಹೋಳು ನಿಂಬೆ ಹಿಂಡಲು ಬಿಡುತ್ತಾರೆ, ಕೆಲವರು ಬಿಡುವುದಿಲ್ಲ. ಕೇಳಿಯೇ ಹಿಂಡಿ. ಗಟಗಟನೆ ಒಂದೇ ಉಸಿರಿಗೆ ಬೇಡ. ಅರ್ಧ ಗಂಟೆ ಚೀಪುತ್ತಾ ಕೂರುವುದೂ ಬೇಡ. ಐದರಿಂದ ಹತ್ತು ನಿಮಿಷದೊಳಗೆ ಮುಗಿಸಿ. ಗಡಿಯಾರ ಓಡುವುದು ಮೊದಲ ಗುಟುಕಿನಿಂದ. ಆ ಹೊತ್ತನ್ನು ಸಿಸ್ಟರ್ ಬರೆದುಕೊಂಡರೂ ನೀವೂ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಗದ್ದಲದ ಬೆಳಿಗ್ಗೆ ನಿಮ್ಮ ಒಂದು ಗಂಟೆಯ ರಕ್ತವನ್ನು ಒಂದೂಕಾಲು ಗಂಟೆಗೆ ತೆಗೆದರೆ, ಆ ಅಂಕಿಯನ್ನು ಯಾವ ಗೆರೆಗೆ ಹೋಲಿಸುವುದು?

ವಾಂತಿಯಾದರೆ ಗಾಬರಿ ಬೇಡ, ಮುಚ್ಚಿಡಲೂ ಬೇಡ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆ ಇನ್ನೊಂದು ದಿನ. ಅದರ ನಂತರವಾದರೆ ಮುಂದುವರಿಸಬಹುದು ಎನ್ನುತ್ತದೆ ನಮ್ಮ ಸರ್ಕಾರದ ಮಾರ್ಗಸೂಚಿ. ಸಂಕೋಚಕ್ಕೆ ಬಚ್ಚಲಿಗೆ ಹೋಗಿ ಬಾಯಿ ತೊಳೆದು ಬಂದು ಸುಮ್ಮನೆ ಕೂತವರನ್ನು ನಾನು ಬಹಳ ನೋಡಿದ್ದೇನೆ. ಅವರ ವರದಿ ಚೆನ್ನಾಗಿಯೇ ಬರುತ್ತದೆ, ಸಕ್ಕರೆಯೆಲ್ಲ ಬಚ್ಚಲಲ್ಲಿರುತ್ತದಲ್ಲ! ತಲೆ ಸುತ್ತಿದರೆ ಎಡಮಗ್ಗುಲಿಗೆ ಮಲಗಲು ಜಾಗ ಕೇಳಿ. ಬೆಂಚಿನ ಮೇಲೆ ಎರಡು ಗಂಟೆ ಕೂರಿಸುವ ಲ್ಯಾಬಿನವರು ಒಂದು ಮಂಚ, ಒಂದು ಫ್ಯಾನು ಇಡಲಾರರೇ ಎಂಬುದು ನನ್ನ ಹಳೆಯ ಜಗಳ.

ಇನ್ನೊಂದು ಮಾತನ್ನು ಅಡುಗೆಮನೆಗೂ ತಲುಪಿಸಿ. ಪರೀಕ್ಷೆ ಹತ್ತಿರ ಬಂತೆಂದು ಮೂರು ದಿನ ಅನ್ನ, ಮುದ್ದೆ ಬಿಟ್ಟು ಬರುವವರಿದ್ದಾರೆ. ಅದು ತಿರುಗುಬಾಣ. ಹಿಟ್ಟಿನ ಪದಾರ್ಥ ತೀರಾ ಕಮ್ಮಿಯಾದ ಮೈಗೆ ದಿಢೀರನೆ ಅಷ್ಟು ಗ್ಲೂಕೋಸ್ ಬಿದ್ದರೆ ಅಂಕಿ ಇನ್ನೂ ಮೇಲೆ ಹೋಗಬಹುದು. ಎಂದಿನಂತೆ ಉಣ್ಣಿ. ಮಗುವಿನ ಶ್ವಾಸಕೋಶ ಬಲಿಯಲೆಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ, ಅಥವಾ ಜ್ವರವಿದ್ದರೆ, ಮೊದಲೇ ತಿಳಿಸಿ. ಅವು ಸಕ್ಕರೆಯನ್ನು ಏರಿಸುತ್ತವೆ. ಆಗ ದಿನ ಮುಂದೂಡುವುದೇ ಸರಿ.

ಬುತ್ತಿ ಕಟ್ಟಿಕೊಂಡು ಹೋಗಿ. ಕೊನೆಯ ರಕ್ತ ಕೊಟ್ಟ ಕೂಡಲೇ ಚಪಾತಿ ಪಲ್ಯವೋ, ಬೇಯಿಸಿದ ಮೊಟ್ಟೆಯೋ, ಉಸಲಿಯೋ ತಿಂದು, ಸ್ವಲ್ಪ ಹೊತ್ತು ಕೂತು ಬಸ್ಸು ಹತ್ತಿ. ಏರಿದ ಸಕ್ಕರೆ ಆ ಹೊತ್ತಿಗೆ ಇಳಿಯುತ್ತಿರುತ್ತದೆ, ಕೆಲವರಿಗೆ ಕೈಕಾಲು ನಡುಗುತ್ತದೆ. ಜೊತೆಗೆ ಒಬ್ಬರಿರಲಿ. ಅತ್ತೆಯನ್ನೇ ಕರೆದುಕೊಂಡು ಹೋದರೆ ಎರಡು ಕೆಲಸವೂ ಆಯಿತು.

ಪ್ರಶ್ನೆ: ಲ್ಯಾಬ್ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಗ್ಲೂಕೋಸ್ ಕುಡಿಸಿ ಹೆಂಡತಿಯನ್ನು ಮನೆಗೆ ಕರೆತಂದು, ಸಮಯಕ್ಕೆ ಸರಿಯಾಗಿ ಮತ್ತೆ ಬಿಡಬಹುದೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ನಡೆದಾಡಿದರೆ ಸ್ನಾಯುಗಳು ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅಂಕಿ ಸುಳ್ಳಾಗುತ್ತದೆ. ಮನೆಗೆ ಹೋದವರು ಒಲೆಯ ಮುಂದೆ ನಿಲ್ಲದೆ ಇರುವುದೂ ಇಲ್ಲ. ನೀವೇ ಅಲ್ಲಿ ಹೋಗಿ ಪಕ್ಕದಲ್ಲಿ ಕೂರಿ.

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಮೊದಲು 50 ಗ್ರಾಂ ಕುಡಿಸಿ ಒಂದು ಗಂಟೆಗೆ ರಕ್ತ ತೆಗೆದರು, 148 ಬಂತು. ಈಗ ಮೂರು ಗಂಟೆಯ ಪರೀಕ್ಷೆಗೆ ಬನ್ನಿ ಎಂದಿದ್ದಾರೆ. ಹುಬ್ಬಳ್ಳಿಯ ತಂಗಿಗೆ ಉಂಡು ಬಂದಿದ್ದರೂ ಗ್ಲೂಕೋಸ್ ಕೊಟ್ಟು ಒಂದೇ ಸಲ ರಕ್ತ ತೆಗೆದರಂತೆ. ಯಾರದು ಸರಿ? ನನಗೆ ಸಕ್ಕರೆ ಕಾಯಿಲೆ ಬಂದೇಬಿಟ್ಟಿತೇ?
— ಓದುಗರು

ಉತ್ತರ: ಕಡೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. 50 ಗ್ರಾಮಿನದು ಜರಡಿ ಮಾತ್ರ. ಅದರಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಹೆಂಗಸರಿಗೆ ಮೂರು ಗಂಟೆಯ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲ ಎಂದೇ ಬರುತ್ತದೆ. ಈ ಸಲ 100 ಗ್ರಾಂ, ನಾಲ್ಕು ಸಲ ರಕ್ತ. ಅಲ್ಲಿ ಹೆಚ್ಚಾಗಿ ಬಳಸುವ ಗೆರೆಗಳು ಖಾಲಿ ಹೊಟ್ಟೆಗೆ 95, ಒಂದು ಗಂಟೆಗೆ 180, ಎರಡಕ್ಕೆ 155, ಮೂರಕ್ಕೆ 140. ಸಾಮಾನ್ಯವಾಗಿ ಎರಡು ಅಂಕಿ ಗೆರೆ ಮುಟ್ಟಿದರೆ ಕಾಯಿಲೆ ಎನ್ನುತ್ತಾರೆ. ದಪ್ಪ ಸ್ವೆಟರ್ ಒಯ್ಯಿರಿ, ಅಲ್ಲಿನ ಎ.ಸಿ. ಕೋಣೆಯಲ್ಲಿ ಖಾಲಿ ಹೊಟ್ಟೆಗೆ ಚಳಿ ಹೆಚ್ಚು. ಸೂಜಿ ಒಂದು ಸಲ ಎಡಗೈ, ಒಂದು ಸಲ ಬಲಗೈ ಎಂದು ಬದಲಿಸಲು ಹೇಳಿ.

ತಂಗಿಗೆ ಮಾಡಿದ್ದೂ ಸರಿಯೇ. ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಜೊತೆಯವರು ನಮ್ಮ ದೇಶಕ್ಕೆಂದು ರೂಢಿಗೆ ತಂದ ಕ್ರಮ ಅದು. ಹೊಲದ ಕೆಲಸ ಬಿಟ್ಟು, ಬಸ್ಸು ಹಿಡಿದು, ಉಂಡೇ ಬಂದ ಬಸುರಿಗೆ "ನಾಳೆ ಖಾಲಿ ಹೊಟ್ಟೆಯಲ್ಲಿ ಬಾ" ಎಂದರೆ ಆಕೆ ಮತ್ತೆ ಬರುವ ಭರವಸೆಯಿಲ್ಲ. ಅದಕ್ಕೇ ಉಂಡಿದ್ದರೂ ಸರಿ, 75 ಗ್ರಾಂ ಕೊಟ್ಟು, ಎರಡು ಗಂಟೆಗೆ 140 ಮುಟ್ಟಿದೆಯೇ ನೋಡುವುದು. ಮೊದಲ ತಪಾಸಣೆಗೆ ಬಂದಾಗ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. ಕಾಯಿಲೆಯಿದ್ದ ಕೆಲವರನ್ನು ಇದು ಹಿಡಿಯದೆ ಬಿಟ್ಟುಬಿಡುತ್ತದೆ ಎಂದು ವಾದಿಸುವ ವೈದ್ಯರಿದ್ದಾರೆ. ಮೂರು ಸಲ ರಕ್ತ ತೆಗೆಯುವವರು ಅವರೇ. ತಾಲ್ಲೂಕು ಆಸ್ಪತ್ರೆಯ ಸಾಲು ನೋಡಿದವಳಾಗಿ ನನ್ನ ಓಟು ಒಂದೇ ರಕ್ತದ ಕಡೆಗೆ.

ನಿಮ್ಮ ಮೂರು ಗಂಟೆಯ ಪರೀಕ್ಷೆ ಮೈಸೂರಿಗೂ ಹೊಸದಲ್ಲ. ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ನೂರಾರು ಬಸುರಿಯರು ಇದೇ 100 ಗ್ರಾಂ ಕುಡಿದು ಕೂತಿದ್ದರು, ಒಂದು ಅಧ್ಯಯನಕ್ಕಾಗಿ. ಅವರಲ್ಲಿ ಶೇ 6ರಷ್ಟು ಜನರಿಗೆ ಗರ್ಭಿಣಿಯರ ಸಕ್ಕರೆ ಕಾಯಿಲೆ ಕಂಡಿತು. ಅವರ ಮಕ್ಕಳು ಬೆಳೆದಂತೆ ಸಂಶೋಧಕರು ಅವರನ್ನೂ ಕರೆಕರೆದು ಪರೀಕ್ಷಿಸಿದರು.

ಪ್ರಶ್ನೆ: ನನ್ನ ವರದಿ: ಖಾಲಿ ಹೊಟ್ಟೆಗೆ 94, ಒಂದು ಗಂಟೆಗೆ 161, ಎರಡು ಗಂಟೆಗೆ 128. 'ಎರಡೇ ಪಾಯಿಂಟು, ಲ್ಯಾಬಿನವರ ತಪ್ಪು' ಅನ್ನುತ್ತಾರೆ ಮನೆಯವರು. ಡಾಕ್ಟರು ಸಕ್ಕರೆ ಕಾಯಿಲೆ ಎಂದೇ ಬರೆದಿದ್ದಾರೆ.
— ಓದುಗರು, ಉಡುಪಿ

ಉತ್ತರ: ಮೂರು ರಕ್ತದ ಪರೀಕ್ಷೆಯಲ್ಲಿ ಗೆರೆಗಳು 92, 180, 153. ಒಂದು ಮುಟ್ಟಿದರೂ ಸಾಕು, ಡಾಕ್ಟರು ಬರೆದಿದ್ದು ಸರಿ. ಲ್ಯಾಬಿನ ತಪ್ಪೆಂದು ನಮ್ಮನ್ನು ಬೈಯುವವರಿಗೆ ಒಂದು ಸಂಗತಿ: ತೆಗೆದಿಟ್ಟ ರಕ್ತದಲ್ಲಿ ಜೀವಕೋಶಗಳು ಗಂಟೆಗೆ ಶೇ 5ರಿಂದ 7ರಷ್ಟು ಗ್ಲೂಕೋಸನ್ನು ತಿಂದುಹಾಕುತ್ತವೆ. ಅದನ್ನು ತಡೆಯಲೆಂದೇ ಬೂದು ಮುಚ್ಚಳದ ಕೊಳವೆಯಲ್ಲಿ ಫ್ಲೋರೈಡ್ ಇರುತ್ತದೆ. ನಾವು ತಡ ಮಾಡಿದರೆ ಅಂಕಿ ಇಳಿದೀತೇ ಹೊರತು ಏರುವುದಿಲ್ಲ.

ಹಾಗೆಂದು ಹೆದರುವಂಥದ್ದಲ್ಲ. ಮಾಸುಚೀಲದ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಅದನ್ನು ಮೀರುವಷ್ಟು ಇನ್ಸುಲಿನ್ ನಿಮ್ಮ ಮೈ ಒದಗಿಸುತ್ತಿಲ್ಲ, ಅಷ್ಟೇ. ನೀವು ತಿಂದ ಮೈಸೂರು ಪಾಕಿನ ಲೆಕ್ಕ ಇದಲ್ಲ. ಸಾಮಾನ್ಯವಾಗಿ ಎರಡು ವಾರ ಊಟದ ಪಥ್ಯ, ಊಟದ ನಂತರದ ನಡಿಗೆ. ಉಂಡ ಎರಡು ಗಂಟೆಗೆ 120ರೊಳಗೆ ನಿಂತರೆ ಅದನ್ನೇ ಮುಂದುವರಿಸುತ್ತಾರೆ, ಇಲ್ಲವಾದರೆ ಔಷಧಿ. ಪಥ್ಯವೆಂದರೆ ಅನ್ನ ಬಿಡುವುದಲ್ಲ. ಅನ್ನ ಕಮ್ಮಿ, ಪಲ್ಯ, ಬೇಳೆ, ಮೀನು ಹೆಚ್ಚು, ಹಣ್ಣಿನ ರಸದ ಬದಲು ಹಣ್ಣು. ಸೀಮಂತ ಹತ್ತಿರವಿರಬೇಕಲ್ಲ? ಸೀರೆ, ಬಳೆ, ಹೂವು ಎಷ್ಟಾದರೂ ಬರಲಿ, ಸಿಹಿಯ ತಟ್ಟೆಗಳನ್ನು ಬಂದವರಿಗೇ ಹಂಚಿ.

ಪ್ರಶ್ನೆ: ಹೆರಿಗೆಯಾಗಿ ತಿಂಗಳಾಯಿತು. ಸಕ್ಕರೆ ತಾನಾಗಿಯೇ ಇಳಿದಿದೆ. ಆದರೂ ಆ ಗ್ಲೂಕೋಸ್ ಮತ್ತೆ ಕುಡಿಯಬೇಕಂತೆ. ತಪ್ಪಿಸಿಕೊಳ್ಳಬಹುದೇ?
— ಓದುಗರು, ಶಿರಸಿ

ಉತ್ತರ: ತಪ್ಪಿಸಿಕೊಳ್ಳುವವರೇ ಹೆಚ್ಚು, ನನಗೆ ಸಿಟ್ಟು ಬರುವುದೂ ಅಲ್ಲೇ. ಮಾಸು ಬಿದ್ದ ಮೇಲೆ ಸಕ್ಕರೆ ಇಳಿಯುವುದು ಸಹಜ. ಆದರೆ ಗರ್ಭಿಣಿಯಾಗಿದ್ದಾಗ ಏರಿದವರಿಗೆ ಮುಂದೆ ಕಾಯಂ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಆರು ವಾರಕ್ಕೆ 75 ಗ್ರಾಮಿನ ಪರೀಕ್ಷೆ ಆಗಲೇಬೇಕು. ಗೆರೆಗಳು ಈಗ ಬೇರೆ: ಎರಡು ಗಂಟೆಗೆ 140ರೊಳಗಿದ್ದರೆ ನೆಮ್ಮದಿ, 140ರಿಂದ 199 ಎಚ್ಚರಿಕೆ, 200 ಮುಟ್ಟಿದರೆ ಕಾಯಿಲೆ. ಮಗುವಿನ ಒಂದೂವರೆ ತಿಂಗಳ ಲಸಿಕೆಯೂ ಅದೇ ವಾರ ಬರುತ್ತದೆ. ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಿ. ಮೊದಲು ನಿಮ್ಮ ರಕ್ತ, ಗ್ಲೂಕೋಸ್, ಆಮೇಲೆ ಕಾಯುವ ಹೊತ್ತಿನಲ್ಲಿ ಮಗುವಿನ ಚುಚ್ಚುಮದ್ದು. ಮಗುವನ್ನು ಎತ್ತಿಕೊಂಡು ಓಡಾಡಲು ಅಮ್ಮನೋ ಗಂಡನೋ ಇರಲಿ, ನೀವು ಕೂತಲ್ಲೇ ಹಾಲು ಕುಡಿಸಿ. ತಾಯಿ ಕಾರ್ಡ್ ಮರೆಯಬೇಡಿ, ಬಸುರಿಯಾಗಿದ್ದಾಗಿನ ಅಂಕಿಗಳು ಅದರಲ್ಲೇ ಇರುತ್ತವೆ.