ಗೆದ್ದ ಮೇಲೆ ಖುಷಿ ಪಡೋಕೂ ಭಯ ಆಗುತ್ತೆ, ಏನ್ ಮಾಡ್ಲಿ?

ಬಡ್ತಿ ಸಿಕ್ಕಿ ಎರಡು ತಿಂಗಳಾಯ್ತು, ಆದ್ರೂ ಮನಸ್ಸು ಬಿಚ್ಚಿ ನಕ್ಕ ತಕ್ಷಣ ಇನ್ನೇನೋ ಕೆಟ್ಟದ್ದು ಕಾದಿದೆ ಅನ್ಸುತ್ತೆ ಅಂತ ಕೇಳಿದ್ದೀರಿ. ನಾನೂ ಒಂದು ವರ್ಷದ ಹತ್ತತ್ರ ಹೀಗೇ ಇದ್ದೆ, ಅದಕ್ಕೇ ಬರೀತಿದೀನಿ.

ನಾಲ್ಕನೇ ಸಲ ಬರೆದ ಪರೀಕ್ಷೆ ನಂದು, ಪಾಸಾಯ್ತು. ರಿಸಲ್ಟ್ ಬಂದ ರಾತ್ರಿ ಕುಣೀಲಿಲ್ಲ, ಅಳಲೂ ಇಲ್ಲ, ನನ್ನ ನಂಬರ್ ಇನ್ನೂ ಅಲ್ಲೇ ಇದೆಯಾ ಅಂತ ಬೆಳಗಿನ ಜಾವದ ತನಕ ಪೇಜ್ ತೆಗೆದು ತೆಗೆದು ನೋಡ್ತಿದ್ದೆ. ಅಪ್ಪ ಸಿಕ್ಕಸಿಕ್ಕವರಿಗೆಲ್ಲಾ ಹೇಳ್ಕೊಂಡು ಬರ್ತಿದ್ರೆ "ಸುಮ್ನಿರಪ್ಪ, ಮೊದ್ಲು ಕೆಲಸಕ್ಕೆ ಸೇರ್ತೀನಿ" ಅಂತ ಗದರ್ತಿದ್ದೆ. ಸೇರಿದ ಮೇಲೂ ಅಷ್ಟೇ, ಯಾರಾದ್ರೂ ಚೆನ್ನಾಗಿ ಮಾಡಿದ್ರಿ ಅಂದ್ರೆ ಎದೆ ಧಸಕ್ ಅನ್ನೋದು. ಮೊದಲೇ ಕೆಟ್ಟದ್ದನ್ನ ನೆನೆಸ್ಕೊಂಡು ಕೂತಿದ್ರೆ ಬಿದ್ದಾಗ ಅಷ್ಟು ಪೆಟ್ಟಾಗಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ.

ಹೀಗೆ ನಂಬೋದು ನಾವಿಬ್ರೇ ಅಲ್ಲ. ಮಿಶೆಲ್ ನ್ಯೂಮನ್ ಮತ್ತು ಸಾಂಡ್ರಾ ಲೀರಾ ಅನ್ನೋ ಮನಶ್ಶಾಸ್ತ್ರಜ್ಞೆಯರು 2011ರಲ್ಲಿ ಇದನ್ನೇ ವಿವರಿಸಿದ್ರು, ಅತಿಯಾಗಿ ಚಿಂತೆ ಮಾಡೋರು ಹೆದರೋದು ಬರೀ ದುಃಖಕ್ಕಲ್ಲ, ಖುಷಿಯಲ್ಲಿದ್ದಾಗ ದಢಕ್ಕನೆ ದುಃಖಕ್ಕೆ ಬೀಳೋದಕ್ಕೆ, ಹಾಗಾಗಿ ಬೀಳೋದೇ ಬೇಡ ಅಂತ ಮೊದಲೇ ಕೆಳಗೆ ಹೋಗಿ ಕೂತಿರ್ತಾರೆ. ಇದನ್ನ ಓದಿದಾಗ ನನ್ನ ಬಗ್ಗೆನೇ ಬರೆದಂಗಿತ್ತು.

ಆದ್ರೆ ಆ ಲೆಕ್ಕಾಚಾರ ಸುಳ್ಳು ಅಂತ ನಂಗೆ ಗೊತ್ತಾಗಿದ್ದು ಓದಿ ಅಲ್ಲ. ಕೆಲಸಕ್ಕೆ ಸೇರಿ ಎಂಟು ತಿಂಗಳಿಗೆ ಅಪ್ಪನಿಗೆ ಇದ್ದಕ್ಕಿದ್ದಂಗೆ ಹುಷಾರು ತಪ್ಪಿ ಐಸಿಯುಗೆ ಸೇರಿಸ್ಬೇಕಾಯ್ತು. ಲಿಸ್ಟ್ ರದ್ದಾಗುತ್ತೆ, ಕೆಲಸ ಹೋಗುತ್ತೆ, ನಾನು ಯೋಗ್ಯ ಅಲ್ಲ ಅಂತ ಎಲ್ರಿಗೂ ಗೊತ್ತಾಗುತ್ತೆ, ಇಷ್ಟೆಲ್ಲಾ ಚಿಂತೆ ಮಾಡಿದ್ನಲ್ಲ, ಬಂದಿದ್ದು ಅದ್ಯಾವುದೂ ಅಲ್ಲ. ಎಂಟು ತಿಂಗಳ ಚಿಂತೆ ಆ ರಾತ್ರಿ ಒಂದು ಹನಿ ಕಣ್ಣೀರನ್ನೂ ಕಮ್ಮಿ ಮಾಡ್ಲಿಲ್ಲ. ಐಸಿಯು ಹೊರಗೆ ಕೂತು ನಾನು ನೆನೆಸ್ಕೊಂಡಿದ್ದು ಒಂದೇ, ಅಪ್ಪ ಅಷ್ಟು ಸಂಭ್ರಮದಲ್ಲಿದ್ದಾಗ ನಾನು ಜೊತೆಗೆ ನಗ್ಲಿಲ್ವಲ್ಲ ಅಂತ.

ಅಪ್ಪ ಈಗ ಆರಾಮಾಗಿದಾರೆ. ಮನೆಗೆ ಬಂದ್ಮೇಲೆ ಒಂದಿನ ಅವರ ಪಕ್ಕ ಕೂತು ರಿಸಲ್ಟ್ ಬಂದ ರಾತ್ರಿಯ ಕಥೆ ಮೊದಲಿಂದ ಹೇಳ್ದೆ, ಯಾವ ಬಟ್ಟೆ ಹಾಕಿದ್ದೆ, ಕೈ ಹೇಗೆ ನಡುಗ್ತಿತ್ತು, ಎಲ್ಲಾ. ನಡುವೆ ಭಯ ಬಂತು, ಮಾತು ನಿಲ್ಲಿಸ್ಬೇಕು ಅನ್ನಿಸ್ತು, ನಿಲ್ಲಿಸ್ಲಿಲ್ಲ. ಪಾಸಾಗಿ ಅಷ್ಟು ಕಾಲ ಆದ್ಮೇಲೆ ಅವತ್ತು ಮೊದಲ ಸಲ ಖುಷಿಯಾಯ್ತು.

ಇನ್ನೊಂದು ಉಪಯೋಗಕ್ಕೆ ಬಂದಿದ್ದು ಚಿಂತೆ ಬರೆದಿಡೋದು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಪರೀತ ಆತಂಕ ಇದ್ದ 29 ಜನರಿಂದ ಏನೇನಾಗುತ್ತೆ ಅಂತ ಹೆದರ್ತಾರೋ ಅದನ್ನ ಬರೆಸಿ ಆಮೇಲೆ ತಾಳೆ ನೋಡಿಸಿದ್ರು, ನೂರಕ್ಕೆ 91ರಷ್ಟು ನಿಜ ಆಗ್ಲೇ ಇಲ್ಲ. ನನ್ನ ನೋಟ್‌ಬುಕ್ಕೂ ಸುಮಾರು ಹಂಗೇ ಇದೆ. ಭಯ ಪೂರ್ತಿ ಹೋಗಿದೆ ಅಂತ ಹೇಳಲ್ಲ, ಒಳ್ಳೆ ಸುದ್ದಿ ಬಂದಾಗ ಈಗ್ಲೂ ಬರುತ್ತೆ, ಆದ್ರೆ ಅದು ಬಂತು ಅಂತ ನಾನು ಎದ್ದು ಹೋಗಲ್ಲ. ನಿಮಗೆ ನಿದ್ದೆ, ಊಟ ಕೆಡ್ತಾ ಇದ್ರೆ ಮಾತ್ರ ತಡ ಮಾಡ್ದೆ ಕೌನ್ಸೆಲರ್ ಹತ್ರ ಹೋಗಿ.

ಅಲ್ಲಿ ತನಕ, ಬಡ್ತಿ ಸುದ್ದಿ ಗೊತ್ತಾದ ಆ ದಿನ ಏನೇನಾಯ್ತು ಅಂತ ನಿಮ್ಮ ಮೇಲೆ ಪ್ರೀತಿ ಇರೋ ಒಬ್ರಿಗೆ ಪೂರ್ತಿ ಹೇಳಿ, "ಆದ್ರೂ ಹೇಳಕ್ಕಾಗಲ್ಲ" ಅಂತ ಕೊನೆಗೆ ಸೇರಿಸ್ದೆ.